‘ಕ್ರಾನಿಕ್’: ಕಾಲವನ್ನಷ್ಟೇ ಹೇಳುವ ಒಂದು ವಿಶೇಷಣ

ಇಂಗ್ಲಿಷಿನ ‘ಕ್ರಾನಿಕ್’ ಎಂಬ ವಿಶೇಷಣ ಕನ್ನಡಿಗರ ಮಾತಿಗೆ ಹೊಸತಲ್ಲ. ‘ಅವರ ಕೆಮ್ಮು ಕ್ರಾನಿಕ್ ಆಗಿಬಿಟ್ಟಿದೆಯಂತೆ’ ಎಂಬ ವಾಕ್ಯವನ್ನು ಇಂಗ್ಲಿಷ್ ಓದದವರೂ ಸಲೀಸಾಗಿ ಆಡುತ್ತಾರೆ. ಆದರೆ ಹಾಗೆ ಆಡುವಾಗ ಅವರ ಮನಸ್ಸಿನಲ್ಲಿರುವ ಅರ್ಥವೇನು ಎಂದು ವಿಚಾರಿಸಿದರೆ ಮೂರು ಬಗೆಯ ಉತ್ತರಗಳು ದೊರೆಯುತ್ತವೆ. ಕೆಲವರಿಗೆ ಅದು ‘ವಿಪರೀತ’. ಕೆಲವರಿಗೆ ‘ಇನ್ನು ವಾಸಿಯಾಗದ’. ಉಳಿದ ಕೆಲವರಿಗೆ ಮಾತ್ರ ‘ಬಹುಕಾಲದಿಂದ ಇರುವ’. ಈ ಮೂರರಲ್ಲಿ ಪದದ ನಿಜವಾದ ಅರ್ಥ ಕೊನೆಯದೊಂದೇ. ಮೊದಲಿನೆರಡು ಅದರ ನೆರಳಿನಲ್ಲಿ ಬೆಳೆದುಕೊಂಡವು.

ಊರಿನಲ್ಲಿದ್ದಾಗ ಈ ವ್ಯತ್ಯಾಸದಿಂದ ಹೆಚ್ಚಿನ ಹಾನಿಯಾಗುವುದಿಲ್ಲ. ವೈದ್ಯರೂ ಕನ್ನಡ ಬಲ್ಲವರು, ರೋಗಿಯ ಮುಖ ನೋಡಿಯೇ ಮಾತಿನ ತಾತ್ಪರ್ಯವನ್ನು ಗ್ರಹಿಸುತ್ತಾರೆ. ಹೊರನಾಡಿನ ಆಸ್ಪತ್ರೆಯಲ್ಲಿ ಹಾಗಲ್ಲ. ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ಕುಳಿತ ದಾದಿ, ಎದುರಿಗಿರುವವರಲ್ಲಿ ಯಾರನ್ನು ಮೊದಲು ಒಳಗೆ ಕಳುಹಿಸಬೇಕೆಂದು ಕೆಲವೇ ನಿಮಿಷಗಳಲ್ಲಿ ನಿರ್ಧರಿಸಬೇಕಾಗುತ್ತದೆ. ಅಲ್ಲಿ ಹಿರಿಯರೊಬ್ಬರು ಎದೆಯ ಮೇಲೆ ಕೈಯಿಟ್ಟು ‘ಕ್ರಾನಿಕ್ ಪೇನ್’ ಎಂದರೆಂದು ಭಾವಿಸೋಣ. ಅವರು ಹೇಳಹೊರಟಿದ್ದು ‘ತಡೆಯಲಾಗದ ನೋವು’. ದಾದಿಯ ಕಿವಿಗೆ ಬಿದ್ದಿದ್ದು ‘ತಿಂಗಳುಗಳಿಂದ ಇರುವ ನೋವು’. ತಿಂಗಳುಗಳಿಂದ ಇರುವ ನೋವು ಇನ್ನೊಂದು ಗಂಟೆ ಕಾಯಬಲ್ಲದು ಎಂಬುದು ಅಲ್ಲಿನ ಸಹಜ ತರ್ಕ. ಒಂದು ವಿಶೇಷಣದ ಅರ್ಥವನ್ನು ಇಷ್ಟು ವಿಸ್ತಾರವಾಗಿ ಚರ್ಚಿಸುವುದಕ್ಕೆ ಇದೊಂದೇ ಕಾರಣ ಸಾಕು.

ಪದದ ಮೂಲ ಗ್ರೀಕ್ ಭಾಷೆಯ ‘ಖ್ರೊನೊಸ್’, ಎಂದರೆ ಕಾಲ. ಅಲ್ಲಿಂದ ಲ್ಯಾಟಿನ್ನಿನ ‘ಕ್ರೋನಿಕುಸ್’, ಫ್ರೆಂಚಿನ ‘ಕ್ರೊನೀಕ್’ ರೂಪಗಳ ಮೂಲಕ ಅದು ಇಂಗ್ಲಿಷಿಗೆ ಬಂದಿತು. ಕ್ರಾನಿಕಲ್ (ಕಾಲಾನುಕ್ರಮದ ವೃತ್ತಾಂತ), ಕ್ರೊನಾಲಜಿ (ಕಾಲಗಣನೆ), ಅನಾಕ್ರೊನಿಸಂ (ಕಾಲವಿಪರ್ಯಾಸ), ಹಡಗುಗಳಲ್ಲಿ ಬಳಸುತ್ತಿದ್ದ ಕ್ರೊನಾಮೀಟರ್ ಎಲ್ಲವೂ ಒಂದೇ ಬಳ್ಳಿಯ ಕಾಯಿಗಳು. ಬೈಬಲಿನ ‘ಕ್ರಾನಿಕಲ್ಸ್’ ಭಾಗವನ್ನು ಕನ್ನಡ ಅನುವಾದಕರು ‘ಪೂರ್ವಕಾಲವೃತ್ತಾಂತ’ ಎಂದು ಕರೆದಾಗ ಮೂಲದ ‘ಕಾಲ’ವನ್ನು ಉಳಿಸಿಕೊಂಡರು. ತನ್ನ ಮಕ್ಕಳನ್ನೇ ನುಂಗಿದ ಗ್ರೀಕ್ ಪುರಾಣದ ಕ್ರೋನೊಸ್ ಮಾತ್ರ ಈ ವಂಶಕ್ಕೆ ಸೇರಿದವನಲ್ಲ. ಅವನ ಹೆಸರಿನ ಮೊದಲ ಅಕ್ಷರವೇ ಬೇರೆ. ಆದರೂ ಕಾಲವು ತಾನು ಹುಟ್ಟಿಸಿದ್ದನ್ನೆಲ್ಲ ತಾನೇ ನುಂಗುತ್ತದೆ ಎಂಬ ಕಲ್ಪನೆ ಎಷ್ಟು ಆಕರ್ಷಕವೆಂದರೆ, ಪ್ರಾಚೀನರೇ ಇವರಿಬ್ಬರನ್ನೂ ಬೆರೆಸಿಬಿಟ್ಟಿದ್ದರು.

ರೋಗಗಳನ್ನು ಕಾಲದ ಲೆಕ್ಕದಲ್ಲಿ ಎರಡಾಗಿ ವಿಂಗಡಿಸಿದವರು ಗ್ರೀಕ್ ಮತ್ತು ರೋಮನ್ ವೈದ್ಯರು. ಎಫೆಸಸ್‌ನ ಸೊರಾನಸ್ ಎಂಬ ವೈದ್ಯನ ಗ್ರೀಕ್ ಬರಹಗಳನ್ನು ಆಧರಿಸಿ, ಉತ್ತರ ಆಫ್ರಿಕದ ಕೇಲಿಯಸ್ ಆರೆಲಿಯಾನಸ್ ಎಂಬವನು 5ನೆಯ ಶತಮಾನದಲ್ಲಿ ಲ್ಯಾಟಿನ್ನಿನಲ್ಲಿ ಒಂದು ದೊಡ್ಡ ಗ್ರಂಥವನ್ನು ರಚಿಸಿದನು. ಅದರಲ್ಲಿ ಮೂರು ಸಂಪುಟಗಳು ವೇಗದ ರೋಗಗಳಿಗೆ, ಐದು ಸಂಪುಟಗಳು ನಿಧಾನದ ರೋಗಗಳಿಗೆ ಮೀಸಲು. ಲ್ಯಾಟಿನ್ ಶೀರ್ಷಿಕೆಯಲ್ಲಿ ಇರುವುದು ‘ನಿಧಾನ’ ಎಂಬ ಮಾತೇ ಹೊರತು ‘ಭಯಂಕರ’ ಎಂಬುದಲ್ಲ. ಇದು ಗಮನಿಸತಕ್ಕ ಸಂಗತಿ. ವೇಗದ ರೋಗವು ಕೆಲವು ದಿನಗಳಲ್ಲಿ ಇತ್ಯರ್ಥವಾಗುತ್ತದೆ. ರೋಗಿ ಬದುಕುತ್ತಾನೆ, ಇಲ್ಲವೇ ಸಾಯುತ್ತಾನೆ. ನಿಧಾನದ ರೋಗ ಮನೆಯಲ್ಲೇ ಉಳಿಯುತ್ತದೆ. ಮೂರಕ್ಕೆ ಐದು ಎಂಬ ಲೆಕ್ಕವನ್ನು ನೋಡಿದರೆ, ವೈದ್ಯನ ಶಾಯಿಯನ್ನು ಹೆಚ್ಚು ಖರ್ಚು ಮಾಡಿಸುವುದು ಆಗಲೂ ನಿಧಾನದ ರೋಗವೇ ಆಗಿತ್ತೆಂದು ತೋರುತ್ತದೆ.

ಹಾಗಾದರೆ ಎಷ್ಟು ಕಾಲ ಉಳಿದರೆ ಒಂದು ಕಾಯಿಲೆ ‘ಕ್ರಾನಿಕ್’ ಎನಿಸಿಕೊಳ್ಳುತ್ತದೆ? ಇದಕ್ಕೆ ಒಂದೇ ಉತ್ತರವಿಲ್ಲ. ಪ್ರತಿಯೊಂದು ಕಾಯಿಲೆಗೂ ಅದರದೇ ಆದ ಗಡಿಯುಂಟು. ಮೈಮೇಲೆ ಏಳುವ ಪಿತ್ತದ ಗಂಧೆಗಳು ಆರು ವಾರಗಳನ್ನು ದಾಟಿದರೆ ಕ್ರಾನಿಕ್. ಭೇದಿಗೆ ನಾಲ್ಕು ವಾರ. ವಯಸ್ಕರ ಕೆಮ್ಮಿಗೆ ಎಂಟು ವಾರ, ಮಕ್ಕಳ ಕೆಮ್ಮಿಗೆ ಸಾಮಾನ್ಯವಾಗಿ ನಾಲ್ಕೇ ವಾರ. ಹೆಪಟೈಟಿಸ್ ಬಿ ವೈರಸ್ಸಿನ ಗುರುತು ರಕ್ತದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಆ ಸೋಂಕು ಕ್ರಾನಿಕ್. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮರುಕಳಿಸುವ ನೋವು ಕ್ರಾನಿಕ್ ನೋವು.

ಕೆಲವು ಗಡಿಗಳು ಕೇವಲ ಉದ್ದವನ್ನಲ್ಲದೆ ಆವರ್ತನವನ್ನೂ ಎಣಿಸುತ್ತವೆ. ಕ್ರಾನಿಕ್ ಬ್ರಾಂಕೈಟಿಸ್ ಎನ್ನಬೇಕಾದರೆ ಕಫದ ಕೆಮ್ಮು ವರ್ಷಕ್ಕೆ ಮೂರು ತಿಂಗಳಾದರೂ ಇರಬೇಕು, ಹಾಗೆ ಸತತ ಎರಡು ವರ್ಷ ಆಗಿರಬೇಕು. ಕ್ರಾನಿಕ್ ಮೈಗ್ರೇನ್ ಎನ್ನಬೇಕಾದರೆ ಮೂರು ತಿಂಗಳಿಗೂ ಮೀರಿ ತಿಂಗಳಿಗೆ ಹದಿನೈದು ಅಥವಾ ಹೆಚ್ಚು ದಿನ ತಲೆನೋವಿರಬೇಕು. ಅವುಗಳಲ್ಲಿ ಎಂಟು ದಿನವಾದರೂ ಮೈಗ್ರೇನಿನ ಲಕ್ಷಣಗಳು ಕಾಣಬೇಕು. ತಿಂಗಳಿಗೆ ನಾಲ್ಕು ಬಾರಿ ತಲೆ ಸಿಡಿಯುವಂತೆ ನೋಯುವವರಿಗೆ, ಆ ನಾಲ್ಕು ದಿನ ಕತ್ತಲ ಕೋಣೆಯಲ್ಲಿ ಮಲಗಬೇಕಾದರೂ, ಈ ವಿಶೇಷಣ ಸಲ್ಲುವುದಿಲ್ಲ. ಇನ್ನು ಆರೋಗ್ಯ ಇಲಾಖೆಗಳ ಭಾಷೆ ಬೇರೆಯೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಒಂದು ವರ್ಷ ಅಥವಾ ಹೆಚ್ಚು ಕಾಲ ಇದ್ದು, ನಿರಂತರ ವೈದ್ಯಕೀಯ ಗಮನ ಬೇಡುವ ಅಥವಾ ದೈನಂದಿನ ಚಟುವಟಿಕೆಗೆ ಅಡ್ಡಿಯಾಗುವ ಸ್ಥಿತಿಯನ್ನು ಕ್ರಾನಿಕ್ ಎನ್ನುತ್ತದೆ. ಆದ್ದರಿಂದ ‘ನಿಮ್ಮದು ಕ್ರಾನಿಕ್’ ಎಂದು ವೈದ್ಯರು ಹೇಳಿದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಕೆಟ್ಟದು?’ ಎಂಬುದಲ್ಲ, ‘ಯಾವ ಗಡಿಯನ್ನು ದಾಟಿದೆ?’ ಎಂಬುದು. ತೀವ್ರತೆಯ ಪ್ರಶ್ನೆ ಎರಡನೆಯದು. ಅದಕ್ಕೆ ಉತ್ತರ ಬೇರೊಂದು ಪದದಲ್ಲಿರುತ್ತದೆ.

ತೀವ್ರತೆಯನ್ನು ಹೇಳಲು ಇಂಗ್ಲಿಷಿನ ವೈದ್ಯರು ಬಳಸುವುದು ಮೈಲ್ಡ್, ಮಾಡರೇಟ್, ಸಿವಿಯರ್ ಎಂಬ ಪ್ರತ್ಯೇಕ ಅಳತೆಗೋಲು. ಅಕ್ಯೂಟ್ ಮತ್ತು ಕ್ರಾನಿಕ್ ಎಂಬುದು ಕಾಲದ ಅಳತೆಗೋಲು. ಎರಡೂ ಒಂದನ್ನೊಂದು ಅಡ್ಡಹಾಯುತ್ತವೆ. ಸಾಮಾನ್ಯ ನೆಗಡಿ ಅಕ್ಯೂಟ್, ಆದರೆ ಮೈಲ್ಡ್. ಹದ್ದುಬಸ್ತಿನಲ್ಲಿರುವ ರಕ್ತದೊತ್ತಡ ಕ್ರಾನಿಕ್, ಮೈಲ್ಡ್. ಹೃದಯಾಘಾತ ಅಕ್ಯೂಟ್, ಸಿವಿಯರ್. ಈ ಎರಡು ಅಳತೆಗೋಲುಗಳು ಬೇರೆಬೇರೆ ಎಂಬುದಕ್ಕೆ ಲೋಕವೆಲ್ಲ ಬಲ್ಲ ಸಾಕ್ಷಿಯೊಂದಿದೆ. 2003ರಲ್ಲಿ ಹಬ್ಬಿದ ಸಾರ್ಸ್ ರೋಗದ ಪೂರ್ಣ ಹೆಸರಿನಲ್ಲಿ ‘ಸಿವಿಯರ್’ ಮತ್ತು ‘ಅಕ್ಯೂಟ್’ ಎರಡೂ ಅಕ್ಕಪಕ್ಕದಲ್ಲಿವೆ. ಎರಡರ ಅರ್ಥವೂ ಒಂದೇ ಆಗಿದ್ದರೆ ಎರಡನ್ನೂ ಬಳಸುವ ಅಗತ್ಯವಿರಲಿಲ್ಲ. ಕೋವಿಡ್ ವೈರಸ್ಸಿನ ಅಧಿಕೃತ ಹೆಸರಿನಲ್ಲೂ ಅದೇ ಜೋಡಿ ಮುಂದುವರಿದಿದೆ.

ಕನ್ನಡದಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ. ನಮ್ಮ ಪತ್ರಿಕೆಗಳು ‘ಸಿವಿಯರ್’ ಎಂಬುದನ್ನೂ ‘ತೀವ್ರ’ ಎನ್ನುತ್ತವೆ, ‘ಅಕ್ಯೂಟ್’ ಎಂಬುದನ್ನೂ ‘ತೀವ್ರ’ ಎನ್ನುತ್ತವೆ. ಎರಡೂ ಒಟ್ಟಿಗೆ ಬಂದಾಗ ಒಂದು ‘ತೀವ್ರ’ವನ್ನು ನುಂಗಿಬಿಡುತ್ತವೆ. ಶಾಲೆಯ ರೇಖಾಗಣಿತದಲ್ಲಿ ಇದೇ ‘ಅಕ್ಯೂಟ್’ ಕೋನವನ್ನು ‘ಲಘುಕೋನ’ ಎಂದು ಕಲಿತವರು ನಾವು. ಹೀಗೆ ಒಂದೇ ಇಂಗ್ಲಿಷ್ ಪದ ಒಂದು ಪುಸ್ತಕದಲ್ಲಿ ‘ಲಘು’, ಇನ್ನೊಂದರಲ್ಲಿ ‘ತೀವ್ರ’! ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ‘ಚೂಪಾದ’ ಎಂದಷ್ಟೇ. ಚೂಪಾದ ಕೋನ ಕಿರಿದಾಗಿರುತ್ತದೆ, ಚೂಪಾದ ರೋಗ ಥಟ್ಟನೆ ಚುಚ್ಚುತ್ತದೆ. ಅಕ್ಯೂಟ್ ರೋಗಕ್ಕೆ ‘ಹಠಾತ್’ ಅಥವಾ ‘ದಿಢೀರನೆ ಎರಗುವ’ ಎಂದರೆ ಗೊಂದಲ ಅರ್ಧದಷ್ಟು ತಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೂತ್ರಪಿಂಡದ ಉದಾಹರಣೆಯನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಈ ವಿಶೇಷಣ ಅತಿ ಹೆಚ್ಚು ಜನರನ್ನು ಬೆಚ್ಚಿಬೀಳಿಸುತ್ತದೆ. ಅಮೆರಿಕದಲ್ಲಿ 2021ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮದಿಂದಾಗಿ ರಕ್ತಪರೀಕ್ಷೆಯ ಫಲಿತಾಂಶಗಳು ಅನೇಕ ವೇಳೆ ವೈದ್ಯರು ಕರೆಮಾಡುವ ಮೊದಲೇ ರೋಗಿಯ ಮೊಬೈಲಿಗೆ ಬಂದು ಬೀಳುತ್ತವೆ. ಎಪ್ಪತ್ತರ ಗಡಿ ದಾಟಿದ ತಾಯಿಯ ವರದಿಯಲ್ಲಿ ‘ಕ್ರಾನಿಕ್ ಕಿಡ್ನಿ ಡಿಸೀಸ್, ಸ್ಟೇಜ್ 3ಎ’ ಎಂದಿದ್ದರೆ ಮನೆಯವರ ಕಣ್ಣಿಗೆ ಕಾಣುವುದು ಡಯಾಲಿಸಿಸ್ ಯಂತ್ರ. ‘ಸ್ಟೇಜ್’ ಎಂಬ ಪದ ಕ್ಯಾನ್ಸರಿನಿಂದ ಕಡ ತಂದ ಭಯವನ್ನು ಅದಕ್ಕೆ ಸೇರಿಸುತ್ತದೆ. ವಾಸ್ತವವಾಗಿ ಆ ಸಾಲು ಹೇಳುತ್ತಿರುವುದು ಇಷ್ಟು: ಮೂತ್ರಪಿಂಡಗಳು ನಿಮಿಷಕ್ಕೆ ಸೋಸುವ ರಕ್ತದ ಅಂದಾಜು, ದೇಹದ ಮೇಲ್ಮೈಗೆ ಹೊಂದಿಸಿದ ಲೆಕ್ಕದಲ್ಲಿ, 45ರಿಂದ 59 ಮಿಲಿಲೀಟರಿನ ನಡುವೆ ಇದೆ, ಮತ್ತು ಅದು ಮೂರು ತಿಂಗಳಿಗಿಂತ ಹೆಚ್ಚು ಕಾಲ ಹಾಗೆಯೇ ಇದೆ. ‘ಕ್ರಾನಿಕ್’ ಎಂಬುದು ಆ ಮೂರು ತಿಂಗಳನ್ನು ಸೂಚಿಸುತ್ತದೆ, ‘3ಎ’ ಎಂಬುದು ಪ್ರಮಾಣವನ್ನು. ಮೂತ್ರಪಿಂಡ ವೈಫಲ್ಯ ಎನ್ನುವುದು ಆ ಸಂಖ್ಯೆ 15ಕ್ಕಿಂತ ಕೆಳಗಿಳಿದಾಗ. 3ಎ ಹಂತದಲ್ಲಿರುವ ವೃದ್ಧರಲ್ಲಿ ಹೆಚ್ಚಿನವರಿಗೆ ಡಯಾಲಿಸಿಸ್ ಎಂದೂ ಬೇಕಾಗುವುದಿಲ್ಲ. ಹಾಗೆಂದು ಅಲಕ್ಷಿಸುವಂತೆಯೂ ಇಲ್ಲ. ರಕ್ತದೊತ್ತಡ, ಸಕ್ಕರೆ, ನೋವಿನ ಮಾತ್ರೆಗಳ ಬಳಕೆ ಇವುಗಳ ಮೇಲೆ ಆಮೇಲೆ ಕಣ್ಣಿಡಲೇಬೇಕು.

ಇದೇ ಅಂಗದ ‘ಅಕ್ಯೂಟ್’ ತೊಂದರೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಕೆಲವೇ ಗಂಟೆ ಅಥವಾ ದಿನಗಳಲ್ಲಿ ಮೂತ್ರಪಿಂಡ ಕೈಕೊಡುವ ಆ ಸ್ಥಿತಿ ಜೀವವನ್ನೇ ತೆಗೆಯಬಲ್ಲದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಎಷ್ಟೋ ಮಂದಿಯಲ್ಲಿ ಸಂಪೂರ್ಣ ಸರಿಹೋಗಲೂಬಲ್ಲದು. ಅಂದರೆ ಭೀಕರವಾದದ್ದು ತಾತ್ಕಾಲಿಕವಾಗಿರಬಹುದು, ಸೌಮ್ಯವಾದದ್ದು ಬೆನ್ನು ಬಿಡದೆ ಉಳಿಯಬಹುದು. ಇವೆರಡೂ ಒಂದರ ಮೇಲೊಂದು ಬಂದಾಗ ವೈದ್ಯರು ‘ಅಕ್ಯೂಟ್ ಆನ್ ಕ್ರಾನಿಕ್’ ಎನ್ನುತ್ತಾರೆ. ಹಳೆಯ ತೊಂದರೆಯ ಮೇಲೆ ಹೊಸ ಆಘಾತ. ಕನ್ನಡದಲ್ಲಿ ಇದನ್ನು ‘ಗಾಯದ ಮೇಲೆ ಬರೆ’ ಎನ್ನಬಹುದಾದರೂ ಕೇಸ್ ಶೀಟಿನಲ್ಲಿ ಹಾಗೆ ಬರೆಯುವ ವೈದ್ಯರನ್ನು ನಾನಿನ್ನೂ ಕಂಡಿಲ್ಲ.

ಎರಡನೆಯ ತಪ್ಪು ತಿಳಿವಳಿಕೆ ‘ಕ್ರಾನಿಕ್ ಎಂದರೆ ವಾಸಿಯಾಗದ್ದು’ ಎಂಬುದು. ಮಧುಮೇಹ, ಅಸ್ತಮಾ, ಸಂಧಿವಾತ ಮುಂತಾದ ಪರಿಚಿತ ಕ್ರಾನಿಕ್ ಕಾಯಿಲೆಗಳು ಜೀವಮಾನವಿಡೀ ಜೊತೆಗಿರುವುದರಿಂದ ಈ ನಂಬಿಕೆ ಸಹಜವಾಗಿ ಬೆಳೆದಿದೆ. ಆದರೆ ಪದದಲ್ಲಿ ಆ ಅರ್ಥವಿಲ್ಲ. ಕ್ರಾನಿಕ್ ಹೆಪಟೈಟಿಸ್ ಸಿ ಸೋಂಕನ್ನು ನೋಡಿ. ದಶಕಗಳ ಕಾಲ ಯಕೃತ್ತನ್ನು ಸವೆಸುತ್ತಿದ್ದ ಈ ಸೋಂಕನ್ನು, 2013ರ ಕೊನೆಯಿಂದ ಬಳಕೆಗೆ ಬಂದ ಹೊಸ ಪೀಳಿಗೆಯ ಮಾತ್ರೆಗಳು ಈಗ ಎಂಟರಿಂದ ಹನ್ನೆರಡು ವಾರಗಳಲ್ಲಿ, ಶೇಕಡ 95ಕ್ಕೂ ಹೆಚ್ಚು ಮಂದಿಯಲ್ಲಿ, ನಿರ್ಮೂಲ ಮಾಡುತ್ತವೆ. ಅದು ವಾಸಿಯಾಗುವ ದಿನದವರೆಗೂ ಅದರ ಹೆಸರು ‘ಕ್ರಾನಿಕ್’ ಎಂದೇ.

ಅಷ್ಟೇ ಅಲ್ಲ, ‘ಕ್ರಾನಿಕ್’ ಎನಿಸಿಕೊಳ್ಳುವುದೇ ಶುಭವಾರ್ತೆಯಾದ ಸಂದರ್ಭಗಳೂ ಇವೆ. 1922ರ ಜನವರಿಯಲ್ಲಿ ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲೆನರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಅದಕ್ಕೂ ಮುಂಚೆ ಆ ವಯಸ್ಸಿನಲ್ಲಿ ಬರುವ ಮಧುಮೇಹ ಬಹುಮಟ್ಟಿಗೆ ಮರಣಶಾಸನವೇ ಆಗಿತ್ತು. ರೋಗ ತಿಳಿದ ಮೇಲೆ ಮಕ್ಕಳು ಬಹಳ ಕಾಲ ಉಳಿಯುತ್ತಿರಲಿಲ್ಲ. ಥಾಂಪ್ಸನ್ ಇನ್ನೂ ಹದಿಮೂರು ವರ್ಷ ಬದುಕಿದನು. ಇನ್ಸುಲಿನ್ ಆ ರೋಗವನ್ನು ಗುಣಪಡಿಸಲಿಲ್ಲ, ಅದನ್ನು ‘ಕ್ರಾನಿಕ್’ ಮಾಡಿತು. ಎಚ್‌ಐವಿ ಸೋಂಕಿನ ಕಥೆಯೂ ಇಂಥದೇ. 1996ರ ಸುಮಾರಿಗೆ ಹಲವು ಔಷಧಗಳನ್ನು ಸಂಯೋಜಿಸಿ ಕೊಡುವ ಚಿಕಿತ್ಸೆ ಬಳಕೆಗೆ ಬಂದ ಮೇಲೆ ಅದು ಹೆಜ್ಜೆಹೆಜ್ಜೆಯಾಗಿ ಕ್ರಾನಿಕ್ ಸೋಂಕುಗಳ ಸಾಲಿಗೆ ಸೇರಿತು. ಮರಣದಿಂದ ದೀರ್ಘಕಾಲಕ್ಕೆ ಬಡ್ತಿ ಎನ್ನಬಹುದು.

ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಚಿರಕಾರಿಯ ಕಥೆ ಇಲ್ಲಿ ನೆನಪಾಗುತ್ತದೆ. ತಾಯಿಯನ್ನು ಕೊಲ್ಲೆಂದು ತಂದೆ ಗೌತಮ ಕೋಪದಲ್ಲಿ ಆಜ್ಞಾಪಿಸಿ ಹೊರಟುಹೋಗುತ್ತಾನೆ. ಎಲ್ಲವನ್ನೂ ನಿಧಾನವಾಗಿ ಯೋಚಿಸುವ ಮಗ ಧರ್ಮಾಧರ್ಮಗಳನ್ನು ತೂಗುತ್ತಾ ನಿಂತುಬಿಡುತ್ತಾನೆ. ಅಷ್ಟರಲ್ಲಿ ತಂದೆಯ ಕೋಪವಿಳಿದು ಪಶ್ಚಾತ್ತಾಪವಾಗುತ್ತದೆ. ಓಡಿ ಬಂದು ನೋಡಿದರೆ ತಾಯಿ ಬದುಕಿದ್ದಾಳೆ. ಹಿಂದಿಯ ವೈದ್ಯಕೀಯ ಪರಿಭಾಷೆಯಲ್ಲಿ ‘ಕ್ರಾನಿಕ್’ ಎಂಬುದಕ್ಕೆ ‘ಚಿರಕಾರಿ’ ಎಂಬ ಮಾತು ಬಳಕೆಯಲ್ಲಿದೆ. ಪಾರಿಭಾಷಿಕ ಪದವನ್ನು ರಚಿಸಿದವರ ಮನಸ್ಸಿನಲ್ಲಿ ಈ ಕಥೆ ಇದ್ದಿರಲಾರದು. ಆದರೂ ನಿಧಾನವಾಗಿ ಕೊಲ್ಲುವುದು ಮತ್ತು ಕೊಲ್ಲದೆ ನಿಧಾನಿಸುವುದು ಎಂಬ ಎರಡೂ ಸಾಧ್ಯತೆಗಳು ಆ ಹೆಸರಿನಲ್ಲಿವೆ.

ಒಂದು ಅಪವಾದವನ್ನು ಇಲ್ಲಿಯೇ ಹೇಳಿಬಿಡಬೇಕು. ರಕ್ತದ ಕ್ಯಾನ್ಸರಾದ ಲ್ಯುಕೇಮಿಯದಲ್ಲಿ ಅಕ್ಯೂಟ್ ಮತ್ತು ಕ್ರಾನಿಕ್ ಎಂಬ ಪದಗಳು ಎಷ್ಟು ದಿನದಿಂದ ಕಾಯಿಲೆಯಿದೆ ಎಂಬುದನ್ನು ಸೂಚಿಸುವುದಿಲ್ಲ. ಮೊದಲು ಅವು ರೋಗ ನಡೆಯುವ ವೇಗವನ್ನು ಸೂಚಿಸುತ್ತಿದ್ದವು. ಈಗ ಕ್ಯಾನ್ಸರ್ ಕಣಗಳು ಎಷ್ಟು ಬಲಿತಿವೆ ಎಂಬುದನ್ನು ನೋಡಿ ವಿಂಗಡಿಸುತ್ತಾರೆ. ನಿನ್ನೆ ಪತ್ತೆಯಾದ ಲ್ಯುಕೇಮಿಯವೂ ‘ಕ್ರಾನಿಕ್’ ಆಗಿರಬಹುದು. ಅಕ್ಯೂಟ್ ಲ್ಯುಕೇಮಿಯ ಕಾಲ ಕಳೆದಂತೆ ಕ್ರಾನಿಕ್ ಆಗುವುದಿಲ್ಲ. ಬದಲಿಗೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯ ಹತೋಟಿ ತಪ್ಪಿದರೆ ಅಕ್ಯೂಟ್ ರೂಪಕ್ಕೆ ತಿರುಗಬಲ್ಲದು. 2001ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಇಮ್ಯಾಟಿನಿಬ್ ಮಾತ್ರೆ ಆ ತಿರುವನ್ನು ಬಹುಪಾಲು ರೋಗಿಗಳಲ್ಲಿ ತಡೆಯುವಂತಾಯಿತು.

ಹೊರನಾಡಿನ ಕನ್ನಡಿಗರ ಕಿಸೆಗೆ ಈ ಪದ ನೇರವಾಗಿ ಕೈಹಾಕುವ ಜಾಗ ಇನ್ನೊಂದಿದೆ: ಊರಿನಿಂದ ಬರುವ ತಂದೆತಾಯಿಯರಿಗೆಂದು ಅಮೆರಿಕದಲ್ಲಿ ಕೊಳ್ಳುವ ವಿಸಿಟರ್ ಇನ್ಶೂರೆನ್ಸ್. ಇಂಥ ಪಾಲಿಸಿಗಳು ಮೊದಲೇ ಇರುವ ಕಾಯಿಲೆಗಳನ್ನು ಸಾಮಾನ್ಯವಾಗಿ ಹೊರಗಿಡುತ್ತವೆ. ಆಮೇಲೆ ಹಲವು ಪಾಲಿಸಿಗಳಲ್ಲಿ ಒಂದು ಸಣ್ಣ ಕಿಂಡಿ ತೆರೆದಿರುತ್ತದೆ. ಮೊದಲೇ ಇದ್ದ ಕಾಯಿಲೆಯ ‘ಅಕ್ಯೂಟ್ ಆನ್‌ಸೆಟ್’ ಆದರೆ, ಅಂದರೆ ಅದು ಮುನ್ಸೂಚನೆಯಿಲ್ಲದೆ ಹಠಾತ್ತಾಗಿ ಉಲ್ಬಣಿಸಿದರೆ, ನಿಗದಿತ ಮಿತಿಯವರೆಗೆ ಖರ್ಚು ಕೊಡುತ್ತೇವೆ ಎಂಬುದು ಆ ಕಿಂಡಿ. ಬಹಳಷ್ಟು ಪಾಲಿಸಿಗಳಲ್ಲಿ ಇಪ್ಪತ್ತನಾಲ್ಕು ಗಂಟೆಗಳೊಳಗೆ ಚಿಕಿತ್ಸೆ ಪಡೆದಿರಬೇಕೆಂಬ ಷರತ್ತೂ ವಯಸ್ಸಿನ ಮಿತಿಯೂ ಇರುತ್ತವೆ. ಕಾಲಕ್ರಮೇಣ ಹೆಚ್ಚುತ್ತ ಹೋಗುವ ಕ್ರಾನಿಕ್ ಸ್ಥಿತಿ ಇದಕ್ಕೆ ಸೇರುವುದಿಲ್ಲ ಎಂದು ಮುಂದಿನ ಸಾಲಿನಲ್ಲೇ ಬರೆದಿರುತ್ತಾರೆ.

ಈ ವಾಕ್ಯದಲ್ಲಿ ‘ಅಕ್ಯೂಟ್’ ಎಂದರೆ ‘ತೀವ್ರ’ ಎಂದು ಓದಿಕೊಂಡವರು ಮೋಸಹೋಗುತ್ತಾರೆ. ಮಂಡಿನೋವು ಮೂರು ವಾರಗಳಲ್ಲಿ ಮೆಲ್ಲಮೆಲ್ಲನೆ ಏರಿ ನಡೆಯಲಾಗದಂತಾದರೆ ಅದು ತೀವ್ರವೇನೋ ಹೌದು, ಆದರೆ ಹಠಾತ್ ಅಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಮಾತು: ಕ್ಲೇಮು ಪರಿಶೀಲಿಸುವವರು ಓದುವುದು ಆಸ್ಪತ್ರೆಯ ದಾಖಲೆಯನ್ನು. ‘ಯಾವಾಗಿನಿಂದ?’ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ‘ಬಹಳ ದಿನದಿಂದ ಇದೆಯಪ್ಪಾ’ ಎಂದು ಸೌಜನ್ಯಕ್ಕೋ ಸಂಕೋಚಕ್ಕೋ ಹೇಳುವುದುಂಟು. ಮಗಳು ಅದನ್ನು ಅನುವಾದಿಸುತ್ತಾಳೆ, ವೈದ್ಯರು ‘ಕ್ರಾನಿಕ್’ ಎಂದು ಟೈಪಿಸುತ್ತಾರೆ. ಬಹಳ ದಿನದಿಂದ ಇದ್ದದ್ದು ಆಗಾಗ ಬರುವ ಸಣ್ಣ ಎದೆಯುರಿ, ಈ ಬೆಳಗ್ಗೆ ಬಂದದ್ದು ಬೇರೆಯೇ ಬಗೆಯ ನೋವು ಎಂಬ ವಿವರ ದಾಖಲೆಗೆ ಸೇರುವುದೇ ಇಲ್ಲ. ಅನುವಾದಿಸುವ ಮಕ್ಕಳು ಇಂಥ ಸಂದರ್ಭದಲ್ಲಿ ವಿಶೇಷಣವನ್ನೇ ಬಿಟ್ಟು ದಿನಾಂಕ ಮತ್ತು ಗಂಟೆಗಳನ್ನು ಹೇಳುವುದು ಲೇಸು: ಹಳೆಯದು ಇಂಥ ವರ್ಷದಿಂದ, ಹೊಸದು ಇಂದು ಬೆಳಗ್ಗೆ ಇಷ್ಟು ಗಂಟೆಯಿಂದ.

ವೈದ್ಯಶಾಸ್ತ್ರದ ಹೊರಗೆ ಈ ವಿಶೇಷಣದ ಸಂಚಾರವೇನೂ ಕಡಿಮೆಯಿಲ್ಲ. ಕ್ರಾನಿಕ್ ನಿರುದ್ಯೋಗ, ಕ್ರಾನಿಕ್ ಕೊರತೆ, ಕ್ರಾನಿಕ್ ಹಸಿವು ಎಂಬ ಪ್ರಯೋಗಗಳು ಅರ್ಥಶಾಸ್ತ್ರದ ಬರಹಗಳಲ್ಲಿ ಹೇರಳ. ಆದರೆ ಎಲ್ಲೆಡೆಯೂ ಅದು ಕೆಟ್ಟದ್ದರ ಜೊತೆಗೇ ಕೂಡುತ್ತದೆ. ಕ್ರಾನಿಕ್ ಸಂತೋಷ, ಕ್ರಾನಿಕ್ ಸ್ನೇಹ, ಕ್ರಾನಿಕ್ ಆರೋಗ್ಯ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಅದು ಹಾಸ್ಯ. ಪದದ ಅರ್ಥ ‘ಬಹುಕಾಲದ’ ಎಂದಷ್ಟೇ ಆದರೂ ನೂರಾರು ವರ್ಷ ರೋಗಗಳ ಸಹವಾಸ ಮಾಡಿದ್ದರಿಂದ ಅದಕ್ಕೆ ಆಸ್ಪತ್ರೆಯ ವಾಸನೆ ಹತ್ತಿಕೊಂಡಿದೆ. ದಕ್ಷಿಣ ಭಾರತದಲ್ಲಿ ಮದುವೆಯಾಗದೆ ಉಳಿದವರನ್ನು ‘ಕ್ರಾನಿಕ್ ಬ್ಯಾಚುಲರ್’ ಎನ್ನುವ ರೂಢಿಯಿದೆ. 2003ರಲ್ಲಿ ಮಮ್ಮುಟ್ಟಿ ನಟಿಸಿದ ಮಲಯಾಳಂ ಚಿತ್ರದ ಹೆಸರೂ ಅದೇ. ಇಂಗ್ಲಿಷಿನಲ್ಲಿ ಇದಕ್ಕೆ ‘ಕನ್ಫರ್ಮ್ಡ್’ ಎಂಬ ವಿಶೇಷಣ ರೂಢಿ. ನಮ್ಮವರ ಪ್ರಯೋಗದಲ್ಲಿ ಬ್ರಹ್ಮಚರ್ಯವೂ ಒಂದು ವ್ಯಾಧಿ ಎಂಬ ವ್ಯಂಗ್ಯ ತಾನಾಗಿ ಸೇರಿಕೊಂಡಿದೆ.

ಅಮೆರಿಕದ ಶಾಲೆಗಳಲ್ಲಿ ‘ಕ್ರಾನಿಕ್ ಅಬ್ಸೆಂಟಿಸಂ’ ಎಂಬ ಪಾರಿಭಾಷಿಕ ಪದವಿದೆ. ಇದನ್ನು ಭಾರತಕ್ಕೆ ರಜೆಯ ಮೇಲೆ ಹೋಗುವ ಪ್ರತಿಯೊಂದು ಕುಟುಂಬವೂ ತಿಳಿದಿರಬೇಕು. ವರ್ಷದ ಶಾಲಾದಿನಗಳಲ್ಲಿ ಶೇಕಡ ಹತ್ತು ಅಥವಾ ಹೆಚ್ಚು ದಿನ ಗೈರುಹಾಜರಾದ ಮಗು ಬಹುತೇಕ ರಾಜ್ಯಗಳ ಲೆಕ್ಕದಲ್ಲಿ ‘ಕ್ರಾನಿಕ್’ ಗೈರುಹಾಜರಿಯ ಪಟ್ಟಿಗೆ ಸೇರುತ್ತದೆ. ನೂರೆಂಬತ್ತು ದಿನಗಳ ಶಾಲಾವರ್ಷದಲ್ಲಿ ಅದು ಹದಿನೆಂಟು ದಿನ. ಅನುಮತಿ ಪಡೆದಿದ್ದರೂ, ಜ್ವರವಾಗಿದ್ದರೂ, ಅಜ್ಜಿಯ ತಿಥಿಗೆ ಹೋಗಿದ್ದರೂ ದಿನ ದಿನವೇ. ಚಿಕ್ಕಪ್ಪನ ಮದುವೆಗೆಂದು ಜನವರಿಯಲ್ಲಿ ನಾಲ್ಕು ವಾರ ಬೆಂಗಳೂರಿಗೆ ಕರೆದುಕೊಂಡು ಹೋದರೆ ಇಪ್ಪತ್ತು ದಿನವಾಗಿ ಗೆರೆ ದಾಟಿತು. ಶಾಲೆಯಿಂದ ಬರುವ ಪತ್ರದಲ್ಲಿ ‘ಕ್ರಾನಿಕ್’ ಎಂಬ ಪದ ಕಂಡು, ತಮ್ಮ ಮಗುವನ್ನು ಚಾಳಿಬಿದ್ದ ಶಾಲೆಗಳ್ಳನೆಂದು ಕರೆದರೆಂದು ನೊಂದುಕೊಳ್ಳುವ ಕಾರಣವಿಲ್ಲ. ಶಾಲೆಗಳ್ಳತನಕ್ಕೆ ‘ಟ್ರೂಅನ್ಸಿ’ ಎಂಬ ಬೇರೆ ಪದವಿದೆ. ಅದು ಅನುಮತಿಯಿಲ್ಲದ ಗೈರುಹಾಜರಿಯನ್ನು ಮಾತ್ರ ಎಣಿಸುತ್ತದೆ.

ಬ್ರಿಟನ್ನಿನಲ್ಲಿರುವ ಓದುಗರು ಈಗಾಗಲೇ ಆಕ್ಷೇಪಿಸುತ್ತಿರಬಹುದು: ಅಲ್ಲಿನ ಆಡುಮಾತಿನಲ್ಲಿ ‘ಕ್ರಾನಿಕ್’ ಎಂದರೆ ‘ತೀರಾ ಕೆಟ್ಟದಾದ’ ಎಂದೇ ಅರ್ಥ. ಹಲ್ಲುನೋವನ್ನು ‘ಸಮ್‌ಥಿಂಗ್ ಕ್ರಾನಿಕ್’ ಎಂದು ವರ್ಣಿಸುವವರು, ಸಿನಿಮಾ ಕ್ರಾನಿಕ್ ಆಗಿತ್ತು ಎನ್ನುವವರು ಅಲ್ಲಿ ಉಂಟು. ಆದ್ದರಿಂದ ‘ವಿಪರೀತ’ ಎಂಬ ಅರ್ಥ ಕೇವಲ ನಮ್ಮವರ ತಪ್ಪಲ್ಲ. ಆದರೆ ಅದು ಓಣಿಯ ಬಳಕೆ. ಆಸ್ಪತ್ರೆ, ನ್ಯಾಯಾಲಯ, ವಿಮಾ ಕಚೇರಿಗಳಲ್ಲಿ ಅದಕ್ಕೆ ಬೆಲೆಯಿಲ್ಲ. ಅಮೆರಿಕದ ಹದಿಹರೆಯದವರ ಬಾಯಲ್ಲಿ ಈ ಪದ ನಾಮಪದವಾಗಿ ಬಂದರೆ ಅದು ಗಾಂಜಾ. 1992ರಲ್ಲಿ ಬಂದ ಡಾ. ಡ್ರೇ ಎಂಬ ಗಾಯಕನ ಪ್ರಸಿದ್ಧ ಆಲ್ಬಮ್ಮಿನ ಹೆಸರಿನಲ್ಲಿರುವುದು ಈ ಅರ್ಥ.

ಸಮೀಪದ ಪದಗಳಿಂದ ಇದನ್ನು ಬೇರ್ಪಡಿಸಿ ನೋಡುವುದೂ ಅವಶ್ಯ. ‘ಲಾಂಗ್-ಟರ್ಮ್’ ಎಂಬುದರಲ್ಲಿ ಯೋಜನೆಯಿದೆ, ಅದು ನಾವು ಬೇಕೆಂದು ಮಾಡಿಕೊಂಡದ್ದೂ ಆಗಿರಬಹುದು. ಬ್ಯಾಂಕಿನ ದೀರ್ಘಾವಧಿ ಸಾಲದಂತೆ. ‘ಪೆರೆನಿಯಲ್’ ಎಂಬುದು ವರ್ಷವಿಡೀ ಇರುವುದು ಅಥವಾ ವರ್ಷವರ್ಷವೂ ಮರಳುವುದು. ಅದರಲ್ಲಿ ದೋಷದ ಸೂಚನೆಯಿಲ್ಲ. ಬತ್ತದ ನದಿಗೆ ಇಂಗ್ಲಿಷಿನವರು ಆ ವಿಶೇಷಣವನ್ನು ಕೊಟ್ಟರೆ ನಾವು ‘ಜೀವನದಿ’ ಎನ್ನುತ್ತೇವೆ, ಮತ್ತು ನಮ್ಮ ಪದವೇ ಹೆಚ್ಚು ಚೆಂದ. ‘ಲಿಂಗರಿಂಗ್’ ಎನ್ನುವುದು ಇಷ್ಟರಲ್ಲಿ ಹೋಗಬೇಕಾಗಿದ್ದು ಇನ್ನೂ ಹೋಗದೆ ತಡಮಾಡುತ್ತಿರುವುದಕ್ಕೆ. ‘ಇನ್ವೆಟರೇಟ್’ ಎಂಬುದು ಹಳೆಯದಾಗಿ ಬೇರೂರಿದ ಸ್ವಭಾವಕ್ಕೆ.

ಇನ್ನು ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ಆಯುರ್ವೇದದ ಪರಂಪರೆ ನಮಗೆ ‘ಜೀರ್ಣ’ ಎಂಬ ಸೊಗಸಾದ ಪದವನ್ನು ಕೊಟ್ಟಿದೆ. ಮೂರು ವಾರ ಕಳೆದ ಮೇಲೂ ಬಿಡದೆ, ಸಣ್ಣಗೆ ಸುಡುತ್ತ ಉಳಿಯುವ ಜ್ವರ ಜೀರ್ಣಜ್ವರ. ಗಮನಿಸಿ, ಅಲ್ಲಿ ಕಾಲದ ಗಡಿಯೂ ಇದೆ, ರೋಗ ಸೌಮ್ಯವಾಗಿದೆ ಎಂಬ ಸೂಚನೆಯೂ ಇದೆ. ಆಧುನಿಕ ಕೈಪಿಡಿಗಳು ಹೇಳುವುದಕ್ಕೆ ತೀರ ಹತ್ತಿರ. ಆದರೆ ಇಂದಿನ ಕನ್ನಡದಲ್ಲಿ ‘ಜೀರ್ಣ’ ಎಂದೊಡನೆ ಹೊಟ್ಟೆಯ ನೆನಪಾಗುತ್ತದೆ, ಇಲ್ಲವೇ ದೇವಾಲಯದ ಜೀರ್ಣೋದ್ಧಾರ. ‘ಜೀರ್ಣ ಯಕೃತ್ ರೋಗ’ ಎಂದರೆ ಯಕೃತ್ತೇ ಜೀರ್ಣವಾಯಿತೆಂದು ತಿಳಿಯುವ ಅಪಾಯವಿದೆ.

‘ಚಿರ’ ಎಂಬುದನ್ನು ನಾನು ಒಪ್ಪಲಾರೆ. ಚಿರಂಜೀವಿ, ಚಿರಋಣಿ, ಚಿರಸ್ಮರಣೀಯ ಎಂದು ಹರಕೆಗೂ ಕೃತಜ್ಞತೆಗೂ ಮೀಸಲಾದ ಪದವನ್ನು ಕೆಮ್ಮಿನ ಹಿಂದೆ ಇಡುವುದು ಕನ್ನಡದ ಕಿವಿಗೆ ಒಗ್ಗುವುದಿಲ್ಲ. ತಮಿಳಿನವರು ‘ನಾಳ್ಪಟ್ಟ’ ಎನ್ನುತ್ತಾರೆ, ಎಂದರೆ ನಾಳುಗಳನ್ನು, ದಿನಗಳನ್ನು ಕಂಡ. ಮರಾಠಿಗರು ‘ಜುನಾಟ್’ ಎನ್ನುತ್ತಾರೆ, ಎಂದರೆ ಹಳೆಯ. ಎರಡೂ ಮನೆಮಾತಿನಿಂದ ಎದ್ದುಬಂದ ಪದಗಳು. ನಮ್ಮ ಹಳ್ಳಿಗಳಲ್ಲಿ ‘ಹಳೇ ಕಾಯಿಲೆ’, ‘ಹಳೇ ಕೆಮ್ಮು’ ಎನ್ನುವಾಗ ಹೇಳುವುದೂ ಇದನ್ನೇ. ಬರಹದಲ್ಲಿ ‘ದೀರ್ಘಕಾಲಿಕ’ ಎಂಬುದು ಈಗ ನೆಲೆನಿಂತಿದೆ. ಅದು ಒಣ ಪದವಾದರೂ ಪ್ರಾಮಾಣಿಕವಾದದ್ದು; ಕಾಲವನ್ನು ಹೇಳಿ ಸುಮ್ಮನಾಗುತ್ತದೆ, ಹೆದರಿಸುವುದಿಲ್ಲ.

ವೈದ್ಯಕೀಯವಲ್ಲದ ಕಡೆ ‘ದೀರ್ಘಕಾಲಿಕ’ವನ್ನು ಯಾಂತ್ರಿಕವಾಗಿ ಅಂಟಿಸಿದರೆ ವಾಕ್ಯ ಸತ್ತುಹೋಗುತ್ತದೆ. ‘ಕ್ರಾನಿಕ್ ಲಯರ್’ ಎಂಬವನು ದೀರ್ಘಕಾಲಿಕ ಸುಳ್ಳುಗಾರನಲ್ಲ, ಸುಳ್ಳು ಹೇಳುವ ಚಾಳಿಯವನು. ಕ್ರಾನಿಕ್ ಕೊರತೆ ಸದಾ ಕಾಡುವ ಕೊರತೆ. ಕ್ರಾನಿಕ್ ಬರವೆಂದರೆ ವರ್ಷವರ್ಷವೂ ಮರುಕಳಿಸುವ ಬರ. ಹಾಗೆಯೇ ‘ಕ್ರಾನಿಕ್ ಪೇಷಂಟ್’ ಎಂಬ ಸಡಿಲ ಪ್ರಯೋಗವನ್ನು ‘ದೀರ್ಘಕಾಲಿಕ ರೋಗಿ’ ಎಂದು ಅನುವಾದಿಸುವುದಕ್ಕಿಂತ ‘ದೀರ್ಘಕಾಲಿಕ ಕಾಯಿಲೆಯಿರುವವರು’ ಎನ್ನುವುದು ಸರಿ, ಏಕೆಂದರೆ ಹಳೆಯದಾದದ್ದು ಕಾಯಿಲೆ, ಮನುಷ್ಯನಲ್ಲ.